ಕಡಲಿಗೆ ಹೊರಟ ದಾವಣಗೆರೆಯ ಸೀಸ

ಬಟ್ಟೆ ಆರಿಸುವುದರಲ್ಲಿ ನನ್ನನ್ನು ಯಾರೂ ಮೋಸಗೊಳಿಸಲಾರರು ಎಂಬ ಸಣ್ಣ ಅಹಂಕಾರ ನನಗಿದೆ. ನಿಟ್ಟುವಳ್ಳಿಯ ನಮ್ಮ ಮನೆಯ ಪಡಸಾಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಅರ್ಧ ಓಣಿಯ ರವಿಕೆಗಳನ್ನು ಹೊಲಿದವಳು ನಾನು. ಬಟ್ಟೆಯ ಅಂಚನ್ನು ಬೆರಳ ನಡುವೆ ಒಮ್ಮೆ ಉಜ್ಜಿದರೆ ಸಾಕು, ಅದು ಎಷ್ಟು ಒಗೆತ ತಾಳುತ್ತದೆ, ಯಾರ ಮೈಮೇಲೆ ಸರಿಯಾಗಿ ಕೂರುವುದಿಲ್ಲ ಎಂದು ಹೇಳಬಲ್ಲೆ. ಅಂಥವಳಿಗೆ ಎಂಬತ್ತರ ದಶಕದ ಆರಂಭದ ಒಂದು ವರ್ಷ, ಸಮುದ್ರದ ಮೀನಿಗೆ ಏನು ಹಿಡಿಸುತ್ತದೆ ಎಂದು ಆರಿಸುವ ಕೆಲಸ ತಲೆಮೇಲೆ ಬಿತ್ತು. ಬಿತ್ತು ಎನ್ನುವುದೂ ಪೂರ್ತಿ ನಿಜವಲ್ಲ. ನಾನೇ ಎತ್ತಿ ಹೇರಿಕೊಂಡೆ.

ನಮ್ಮ ದಾವಣಗೆರೆಗೆ ಸಮುದ್ರದ ಕಡೆಯಿಂದ ಬರುತ್ತಿದ್ದುದು ಉಪ್ಪು, ಒಣಮೀನು ಮತ್ತು ನನ್ನ ಗಂಡ. ಉಪ್ಪು, ಒಣಮೀನು ಎಲ್ಲರಿಗೂ ಸಿಗುತ್ತಿದ್ದವು. ಹೊನ್ನಾವರದ ಹತ್ತಿರದ ಹಳ್ಳಿಯಿಂದ ಬಂದು ಹರಿಹರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಇವರು ನನಗೆ ಮಾತ್ರ ಸಿಕ್ಕರು. ಇವರ ಮೈ ಇಲ್ಲಿತ್ತು, ಮನಸ್ಸು ನೀರಿನ ಮೇಲಿತ್ತು. ವರ್ಷಕ್ಕೊಮ್ಮೆ ರಜೆ ಹಾಕಿ ಊರಿಗೆ ಹೋದರೆ ಅಣ್ಣನ ದೋಣಿಯಿಂದ ಇಳಿಯುತ್ತಲೇ ಇರಲಿಲ್ಲ. ಹಡಗಿನಲ್ಲಿ ಕೆಲಸ ಮಾಡುತ್ತಿದ್ದ ಇವರ ಚಿಕ್ಕಪ್ಪನ ಮಗ ಒಮ್ಮೆ ಹೊರದೇಶದಿಂದ ಒಂದು ಮೀನಿನ ಕೋಲು, ರೀಲು, ಜೊತೆಗೆ ತಗಡಿನ ಡಬ್ಬಿಯ ತುಂಬ ಜಿಗ್‌ಗಳನ್ನು ತಂದುಕೊಟ್ಟಿದ್ದ. ಸೀಸದಲ್ಲಿ ಎರಕ ಹೊಯ್ದು, ಬಣ್ಣ ಬಳಿದು, ಗಾಳ ಸಿಕ್ಕಿಸಿದ ಪುಟ್ಟ ಮೀನಿನಾಕಾರಕ್ಕೆ ಜಿಗ್ ಎನ್ನುತ್ತಾರಂತೆ. ಅದಕ್ಕೆ ಹುಳು ಬೇಡ, ಹಿಟ್ಟು ಬೇಡ. ನೀರಿನ ಆಳಕ್ಕೆ ಬಿಟ್ಟು, ಕೋಲನ್ನು ಮೇಲಕ್ಕೆ ಎಳೆದು, ಮತ್ತೆ ಸಡಿಲ ಬಿಟ್ಟು, ಗಾಯಗೊಂಡ ಮರಿಯಂತೆ ಕುಣಿಸುತ್ತಿದ್ದರೆ ದೊಡ್ಡ ಮೀನು ಬಂದು ಕಚ್ಚುತ್ತದೆ.

ಕಾರ್ಖಾನೆಯಲ್ಲೂ ಜಿಗ್ ಎಂಬ ವಸ್ತು ಉಂಟು. ತೂತು ಕೊರೆಯುವಾಗ ಕಬ್ಬಿಣ ಅಲುಗಾಡದಂತೆ ಹಿಡಿದಿಡುವ ಚೌಕಟ್ಟು ಅದು. ಒಂದೇ ಹೆಸರಿನ ಎರಡು ವಸ್ತುಗಳಲ್ಲಿ ಒಂದರ ಕೆಲಸ ಅಲುಗದಂತೆ ನೋಡಿಕೊಳ್ಳುವುದು, ಇನ್ನೊಂದರ ಕೆಲಸವೇ ಅಲುಗುವುದು. "ವರ್ಷವಿಡೀ ಅದು, ರಜೆಯಲ್ಲಿ ಇದು" ಎಂದು ಇವರು ನಗುತ್ತಿದ್ದರು. ಆಗ ಇವರು ನಗುತ್ತಿದ್ದರು ಎಂಬುದನ್ನು ಇಲ್ಲಿ ಬರೆದಿಡಬೇಕು. ಯಾಕೆಂದರೆ ಆಮೇಲೆ ನಗು ನಿಂತುಹೋಯಿತು.

ಹರಿಹರದ ರಸ್ತೆಯಲ್ಲಿ ಮರಳಿನ ಮೇಲೆ ಸ್ಕೂಟರ್ ಜಾರಿ ಇವರ ಬಲಭುಜ ಮುರಿಯಿತು. ಮೂಳೆ ಕೂಡಿತು, ಆದರೆ ಕೈ ಎದೆಯ ಮಟ್ಟಕ್ಕಿಂತ ಮೇಲಕ್ಕೆ ಏಳಲಿಲ್ಲ. ಬೆರಳು, ಮಣಿಕಟ್ಟು ಚೆನ್ನಾಗಿಯೇ ಇದ್ದವು. ಕಾರ್ಖಾನೆಯವರು ಉಗ್ರಾಣದಲ್ಲಿ ಕೂತು ಮಾಡುವ ಕೆಲಸ ಕೊಟ್ಟರು. ಸಂಬಳ ನಿಲ್ಲಲಿಲ್ಲ. ನಿಂತದ್ದು ಮಾತು. ಬೆಳಿಗ್ಗೆ ಅಂಗಿ ತೊಡಲು ಒದ್ದಾಡುತ್ತಿದ್ದರು. ನಾನು ತೋಳು ಹಿಡಿಯಲು ಹೋದರೆ ಸರಿದು ನಿಲ್ಲುತ್ತಿದ್ದರು. ತೋಳು ಸಡಿಲವಿಟ್ಟು, ಮುಂದೆಲ್ಲ ಬಿಚ್ಚಿಕೊಳ್ಳುವ ಹೊಸ ಅಂಗಿಯೊಂದನ್ನು ಹೊಲಿದುಕೊಟ್ಟೆ. ಮಡಿಸಿದ್ದು ಮಡಿಸಿದ ಹಾಗೇ ಟ್ರಂಕಿನೊಳಗೆ ಹೋಯಿತು. ಉಪ್ಪು ಹೆಚ್ಚಾದ ಸಾರನ್ನೂ ಸುಮ್ಮನೆ ಉಣ್ಣುವ ಗಂಡಸರನ್ನು ಕಂಡರೆ ಹೆಂಗಸರಿಗೆ ಭಯವಾಗುತ್ತದೆ. ನನಗೂ ಆಯಿತು.

ಒಂದು ಸಂಜೆ ಇವರು ಅಟ್ಟದ ಕಡೆ ತೋರಿಸಿ, "ಆ ಡಬ್ಬಿ, ಕೋಲು ಎಲ್ಲ ಅಣ್ಣನಿಗೆ ಕಳಿಸಿಬಿಡು" ಎಂದರು.

"ಯಾಕ್ರಿ?"

"ಒಂದು ಕೈಯವನಿಗೆ ಅದೆಲ್ಲ ಎಂತಕ್ಕೆ ಮಾರಾಯ್ತಿ?"

ಮರುದಿನ ಇವರು ಕೆಲಸಕ್ಕೆ ಹೋದ ಮೇಲೆ ಡಬ್ಬಿ ಇಳಿಸಿ ತೆರೆದೆ. ಒಳಗೆ ಬೆಳ್ಳಿ, ನೀಲಿ, ಗುಲಾಬಿ ಬಣ್ಣದ ಸೀಸದ ಮೀನುಗಳು ಮಲಗಿದ್ದವು. ಒಂದನ್ನು ಎಡಗೈಯಲ್ಲಿ ತೂಗಿ ನೋಡಿದೆ. ಅಡಿಗೆಮನೆಯ ಕುಟ್ಟಾಣಿಯಷ್ಟು ಭಾರ ಅನ್ನಿಸಿತು. ಕೋಲಿನ ತುದಿಗೆ ಕಟ್ಟಿ ಅಂಗಳದಲ್ಲಿ ನಿಂತು ಎಡಗೈಯೊಂದರಲ್ಲೇ ಎತ್ತಿ ಇಳಿಸಿದೆ, ಎತ್ತಿ ಇಳಿಸಿದೆ. ಒಲೆಯ ಮೇಲಿಟ್ಟ ಹಾಲು ಉಕ್ಕುವ ಮೊದಲೇ ತೋಳು ನಡುಗತೊಡಗಿತು. ಪಕ್ಕದ ಮನೆಯವರು ಗೋಡೆಯಾಚೆಯಿಂದ ಇಣುಕಿ, "ಏನ್ ಹೊಡಿತಿದ್ದೀರಿ ಅಕ್ಕ, ಕಾಗೇನಾ?" ಎಂದು ಕೇಳಿದರು. ಹೌದು ಎಂದೆ.

ಹಾಲು ಉಕ್ಕಿತು. ಆದರೆ ನನಗೆ ಒಂದು ವಿಷಯ ಹೊಳೆಯಿತು. ಬಲಗೈ ಮೇಲಕ್ಕೆ ಏಳುವುದಿಲ್ಲ, ನಿಜ. ಆದರೆ ಸೊಂಟದ ಹತ್ತಿರ ಇಟ್ಟುಕೊಂಡು ರೀಲು ತಿರುಗಿಸಬಲ್ಲದು. ಕೋಲು ಎತ್ತುವ ಕೆಲಸವೆಲ್ಲ ಎಡಗೈಯದು. ದೋಣಿಯಿಂದ ನೇರ ಕೆಳಕ್ಕೆ ಬಿಡುವುದಾದರೆ ಬೀಸಿ ಎಸೆಯುವ ಪ್ರಶ್ನೆಯೂ ಇಲ್ಲ. ಹಾಗಾದರೆ ಬೇಕಾದದ್ದು ಇಷ್ಟೇ: ಎಡಗೈಗೆ ಭಾರವಾಗದ, ಸಮುದ್ರಕ್ಕೆ ಹಗುರವಾಗದ ಒಂದು ಜಿಗ್. ಅದು ಸಿಗುವವರೆಗೆ ಬಿಡಬಾರದು ಎಂದು ಅಲ್ಲೇ ನಿಶ್ಚಯಿಸಿದೆ. ಮದುವೆಯಾದ ಮೇಲಷ್ಟೇ ಸಮುದ್ರ ಕಂಡ ಹೆಂಗಸು ಇಂಥ ನಿಶ್ಚಯ ಮಾಡಬೇಕಾದರೆ ಸಾಕಷ್ಟು ಅಜ್ಞಾನ ಬೇಕು. ಅದು ನನ್ನಲ್ಲಿ ಧಾರಾಳವಾಗಿತ್ತು.

ಪಾತ್ರೆಗಳಿಗೆ ಕಲಾಯಿ ಹಾಕುವ ದಸ್ತಗಿರಿ ಸಾಬರು ನಮ್ಮ ಮನೆಗೆ ಹಳೆಯ ಪರಿಚಯ. ಅವರ ಹೆಂಡತಿಯ ರವಿಕೆ, ಮಗಳ ಮದುವೆಯ ಬಟ್ಟೆ ಎಲ್ಲ ನನ್ನ ಯಂತ್ರದಲ್ಲೇ ಹೊಲಿದದ್ದು. ಅವರ ಅಂಗಡಿಗೆ ಹೋಗಿ ಬೆಳ್ಳಿ ಬಣ್ಣದ ಜಿಗ್ಗನ್ನು ಮುಂದಿಟ್ಟೆ. ಅವರು ಕನ್ನಡಕ ಏರಿಸಿ ಅದನ್ನು ಹಿಂದೆ ಮುಂದೆ ತಿರುಗಿಸಿದರು.

"ಇದೇನ್ರಿ ಅಕ್ಕಾರ, ಬೀಗದ ಕೈಗೆ ಹಾಕೋದಾ?"

"ಮೀನು ಹಿಡಿಯೋದು ಸಾಬ್ರೆ. ಇದೇ ಆಕಾರ ಇರ್ಬೇಕು, ಭಾರ ಅರ್ಧ ಆಗ್ಬೇಕು."

"ನಮ್ಮ ಹೊಳಿ ಮೀನಿಗೆ ಇಷ್ಟೆಲ್ಲ ಶೋಕಿ ಬ್ಯಾಡ್ರಿ. ಎರೆಹುಳ ಸಾಕು."

"ಹೊಳಿ ಅಲ್ಲ, ಸಮುದ್ರ."

ಸಾಬರು ಅಂಗಡಿಯ ಹೊರಗೆ ಒಮ್ಮೆ ನೋಡಿದರು. ಹತ್ತಿಯ ಮೂಟೆಗಳನ್ನು ಹೇರಿದ ಎತ್ತಿನ ಗಾಡಿಯೊಂದು ಹೋಗುತ್ತಿತ್ತು. "ಸಮುದ್ರ ಯಾವ ಕಡೆ ಐತ್ರಿ ಇಲ್ಲಿಂದ?" ಎಂದು ಬಹಳ ಗಂಭೀರವಾಗಿ ಕೇಳಿದರು. ನನಗೂ ಖಚಿತವಿರಲಿಲ್ಲ. ಇಬ್ಬರೂ ಅಂದಾಜಿನ ಮೇಲೆ ಪಶ್ಚಿಮಕ್ಕೆ ಕೈ ತೋರಿಸಿಕೊಂಡೆವು. ಕೆಲಸ ಶುರುವಾಯಿತು.

ಜೇಡಿಮಣ್ಣಿನಲ್ಲಿ ಅಚ್ಚು ಮಾಡಿ, ಹಳೆಯ ಸೀಸ ಕರಗಿಸಿ ಹೊಯ್ದರು. ಮೊದಲನೆಯದು ಬೆಂದ ಬದನೆಕಾಯಿಯಂತೆ ಬಂತು. ಎರಡನೆಯದು ಚೆಂದವಾಗಿತ್ತು. ಅಗಲ, ತೆಳುವು, ಎಲೆಯ ಹಾಗೆ. ಮನೆಯ ಸಿಮೆಂಟ್ ತೊಟ್ಟಿಯಲ್ಲಿ ಬಿಟ್ಟು ನೋಡಿದರೆ ಅತ್ತಿತ್ತ ತೂರಾಡುತ್ತ ಸೊಗಸಾಗಿ ಇಳಿಯಿತು. ನನಗೆ ಹೆಮ್ಮೆಯಾಯಿತು. ಹೆಮ್ಮೆಯಲ್ಲಿ ಅದಕ್ಕೆ ಬಾಲದ ಬಳಿ ಜರಿಯ ಕುಚ್ಚು ಕಟ್ಟಿದೆ. ಬಟ್ಟೆ ಆರಿಸುವ ಬುದ್ಧಿ ಎಲ್ಲಿ ಹೋಗುತ್ತದೆ ಹೇಳಿ! ಯಾವ ಬಣ್ಣದ ಜರಿ ಬೇಕು ಎಂದು ಅಂಗಡಿಯವರು ಕೇಳಿದಾಗ, ಉಡುವವರ ಮೈಬಣ್ಣ ಯಾವುದು ಎಂದು ಯೋಚಿಸುತ್ತ ನಿಂತಿದ್ದೆ. ನೋಡುವವರಿಗೆ ಚೆಂದ ಕಾಣಬೇಕೋ, ಕಚ್ಚುವವರಿಗೆ ಕಾಣಬೇಕೋ ಎಂಬ ಪ್ರಶ್ನೆ ನನ್ನ ಕಸುಬಿನಲ್ಲಿ ಎಂದೂ ಬಂದಿರಲಿಲ್ಲ.

ತೊಟ್ಟಿಯಲ್ಲಿ ಹರಿವು ಇಲ್ಲ, ಸಮುದ್ರದಲ್ಲಿ ಇರುತ್ತದೆ. ಹಾಗಾಗಿ ಒಂದು ಭಾನುವಾರ ರವಿಕೆ ತಲುಪಿಸುವ ನೆಪ ಮಾಡಿ ಹರಿಹರಕ್ಕೆ ಹೋದೆ. ತಾನು ಹೊಯ್ದ ಮಾಲು ಮುಳುಗುವುದನ್ನು ನೋಡಲೇಬೇಕೆಂದು ದಸ್ತಗಿರಿ ಸಾಬರು ಕೊಡೆ ಹಿಡಿದು ಜೊತೆಗೆ ಬಂದರು. ತುಂಗಭದ್ರೆಯ ದಂಡೆಯ ಕಲ್ಲುಬಂಡೆಯ ಮೇಲೆ ನಿಂತು ದಾರಕ್ಕೆ ಕಟ್ಟಿದ ಜಿಗ್ಗನ್ನು ನೀರಿಗೆ ಬಿಟ್ಟೆ. ಎಲೆಯಾಕಾರದ ಚೆಲುವೆ ತಳ ಮುಟ್ಟಲೇ ಇಲ್ಲ. ನೀರು ಅವಳನ್ನು ಪಕ್ಕಕ್ಕೆ ಎಳೆದುಕೊಂಡು ಹೋಗಿ ಎಲ್ಲೋ ಬಂಡೆಗೆ ಸಿಕ್ಕಿಸಿತು. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಕೈ ನಿಲ್ಲಿಸಿ ಕೇಳಿದಳು, "ಏನ್ ಬಿದ್ದೈತವ್ವ ನೀರಾಗ? ಸರಾನಾ?"

"ಸೀಸ" ಎಂದೆ.

"ಅಯ್ಯ, ಅದ್ಕ್ಯಾಕ ಇಷ್ಟು ಒದ್ದಾಡ್ತೀಯ, ಬಿಡು ಅತ್ಲಾಗ."

ಬಿಡಲಿಲ್ಲ. ದಾರ ಜಗ್ಗಿ ಬಂಡೆಯಿಂದ ಬಿಡಿಸಿಕೊಂಡೆ. ಅಗಲ ಬೇಡ, ಉದ್ದ ಇರಲಿ, ಬೆಂಡೆಕಾಯಿಯಂತೆ ಸಪೂರ ಇರಲಿ ಎಂದು ನಾನೂ ಸಾಬರೂ ವಾದ ಮಾಡಿ ತೀರ್ಮಾನಕ್ಕೆ ಬಂದೆವು. ಅದೇ ತೂಕದ ಸೀಸ ಸಪೂರವಾಗಿದ್ದರೆ ನೀರನ್ನು ಸೀಳಿಕೊಂಡು ಬೇಗ ಇಳಿಯುತ್ತದೆ ಎಂಬುದನ್ನು ಮುಂದಿನ ಭಾನುವಾರ ಕಣ್ಣಾರೆ ಕಂಡೆವು. ಹೊಯ್ದವುಗಳಲ್ಲಿ ಒಂದರ ಬಾಲದ ಬಳಿ ಸೀಸ ಹೆಚ್ಚು ನಿಂತು ಗಂಟುಕಟ್ಟಿತ್ತು. "ಇದು ಕೆಟ್ಟೈತಿ, ಕರಗಿಸಿಬಿಡ್ತೀನಿ" ಎಂದರು ಸಾಬರು. ಕೈಗೆ ಬಂದದ್ದನ್ನು ಯಾಕೆ ಬಿಡಬೇಕೆಂದು ಅದನ್ನೂ ಡಬ್ಬಿಗೆ ಹಾಕಿಕೊಂಡೆ.

ಆ ರಾತ್ರಿ ಊಟಕ್ಕೆ ಬಡಿಸುತ್ತ ಇವರಿಗೆ ನೇರವಾಗಿ ಹೇಳಿದೆ.

"ದೀಪಾವಳಿ ಆದ ಮೇಲೆ ಊರಿಗೆ ಹೋಗೋಣ. ನಾನು ಮೀನು ಹಿಡೀಬೇಕು."

ಇವರು ತಟ್ಟೆಯಿಂದ ತಲೆಯೆತ್ತಿದರು. "ನೀನಾ?"

"ನಾನೇ. ನೀವು ದೋಣಿಯಾಗೆ ಸುಮ್ನೆ ಕುಂತಿದ್ರೆ ಸಾಕು."

ಸುಮ್ಮನೆ ಕೂರುವುದು ಇವರಿಗೆ ಆಗಲೇ ಚೆನ್ನಾಗಿ ಅಭ್ಯಾಸವಾಗಿತ್ತಾದ್ದರಿಂದ ಬೇಡವೆನ್ನಲು ಕಾರಣ ಸಿಗಲಿಲ್ಲ.

ಹೊನ್ನಾವರದಲ್ಲಿ ನಮ್ಮ ಭಾವ, ಇವರ ಅಣ್ಣ, ದೋಣಿ ಸಿದ್ಧಮಾಡಿ ಕಾಯುತ್ತಿದ್ದರು. ನನ್ನ ಡಬ್ಬಿ ತೆರೆದು ಜರಿಯ ಕುಚ್ಚಿನ ಜಿಗ್ಗನ್ನು ಎತ್ತಿ ಹಿಡಿದು, "ಇದು ಮೀನಿಗಾ, ಮದುಮಗಳಿಗಾ?" ಎಂದು ನಕ್ಕರು. ಇವರು ನಗಲಿಲ್ಲ. ದೋಣಿಯ ತುದಿಯಲ್ಲಿ ಬೆನ್ನು ತಿರುಗಿಸಿ ಕೂತರು.

ದಡ ಸಣ್ಣದಾಗುತ್ತಿದ್ದಂತೆ ನನ್ನ ಹೊಟ್ಟೆ ತೊಳಸತೊಡಗಿತು. ಬೆಳಗಿನ ತಿಂಡಿಯನ್ನು ಸಮುದ್ರಕ್ಕೆ ಅರ್ಪಿಸಿ, ಬಾಯಿ ತೊಳೆದು, ಕೋಲು ಹಿಡಿದು ನಿಂತೆ. ಇಷ್ಟು ದೂರ ಬಂದು ವಾಂತಿಗೆ ಹೆದರಿ ಕೂರುವುದುಂಟೇ? ಮೊದಲು ಜರಿಯದನ್ನು ಬಿಟ್ಟೆ. ಜರಿ ಗಾಳಕ್ಕೇ ಸುತ್ತಿಕೊಂಡು ಮೇಲೆ ಬಂತು. ಅದನ್ನು ಬಿಚ್ಚಿ ಸಪೂರವಾದದ್ದನ್ನು ಕಟ್ಟಿದೆ. ಅದು ಇಳಿಯಿತು. ನಾನು ಹಲ್ಲು ಕಚ್ಚಿ ಕೋಲನ್ನು ಎತ್ತಿದೆ, ಇಳಿಸಿದೆ. ಬಿಸಿಲು ಏರಿತು. ಅಂಗೈ ಕೆಂಪಾಯಿತು. ಭಾವ ಬೀಡಿ ಹಚ್ಚಿ ಆಕಳಿಸಿದರು. ಒಂದು ಮೀನೂ ಮೂಸಿ ನೋಡಲಿಲ್ಲ. ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಡಬ್ಬಿ ನಿಜವಾಗಿಯೂ ಭಾವನ ಮನೆಯಲ್ಲೇ ಉಳಿಯುತ್ತದೆ, ಅದರ ಜೊತೆಗೆ ಇವರಲ್ಲಿದ್ದ ಇನ್ನೇನೋ ಉಳಿದುಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಕಣ್ಣಲ್ಲಿ ನೀರು ಬಂತು. ಉಪ್ಪುಗಾಳಿಗೆ ಎಂದುಕೊಂಡೆ.

"ಹೊಲಿಗೆ ಮಿಷನ್ ತುಳಿದ ಹಾಗೆ ಎತ್ತಬೇಡ."

ತಿರುಗಿ ನೋಡಿದೆ. ಇವರು ನನ್ನ ಕಡೆ ಮುಖಮಾಡಿ ಕೂತಿದ್ದರು.

"ಮತ್ತೆ ಹೆಂಗೆ ಎತ್ತಬೇಕ್ರಿ?"

"ನಿಧಾನ. ಬೀಳೋದಕ್ಕೆ ಬಿಡಬೇಕು. ಬೀಳುವಾಗಲೇ ಮೀನು ಕಚ್ಚೋದು. ಹಾಗಲ್ಲ... ಛೇ, ಹಾಗಲ್ಲ ಅಂದರೆ! ಕೊಡು ಇಲ್ಲಿ."

ಕೊಟ್ಟೆ. ಇವರು ಮೊದಲು ದಾರ ಸುತ್ತಿ ನನ್ನ ಸಪೂರ ಸುಂದರಿಯನ್ನು ಮೇಲೆತ್ತಿ ಬಿಚ್ಚಿದರು. ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದನ್ನೇ ಎಡ ಅಂಗೈಯಲ್ಲಿ ತೂಗಿ ನೋಡಿದರು. ಬಟ್ಟೆಯ ಅಂಗಡಿಯಲ್ಲಿ ನಾನು ಹೊತ್ತು ಕಳೆದಾಗ ಗೊಣಗುತ್ತಿದ್ದ ಮನುಷ್ಯ, ಅಂದು ನನಗಿಂತ ಹೆಚ್ಚು ಹೊತ್ತು ತೆಗೆದುಕೊಂಡರು. ಕಡೆಗೆ ಎತ್ತಿಕೊಂಡದ್ದು ಬಾಲ ಗಂಟುಕಟ್ಟಿದ್ದ ಕುರೂಪಿಯನ್ನು.

"ಅದು ಕೆಟ್ಟಿದ್ದು ಕಣ್ರಿ."

"ಬಾಲ ದಪ್ಪ ಅದೆ, ನೆಟ್ಟಗೆ ಇಳೀತದೆ. ಇದನ್ನು ಮಾಡಿದವರು ಯಾರು?"

"ದಸ್ತಗಿರಿ ಸಾಬ್ರು. ತಪ್ಪಿ ಆಗಿದ್ದು."

"ಒಳ್ಳೆ ತಪ್ಪು" ಎಂದರು.

ಕೋಲಿನ ಬುಡವನ್ನು ಹೊಟ್ಟೆಗೆ ಒತ್ತಿಕೊಂಡು, ಬಲಗೈಯನ್ನು ಸೊಂಟದ ಬಳಿ ರೀಲಿನ ಮೇಲಿಟ್ಟು, ಎಡಗೈಯಿಂದ ಎತ್ತಿದರು. ಬಿಟ್ಟರು. ಎತ್ತಿದರು. ತೋಳು ನಡುಗಲಿಲ್ಲ. ನಾನು ಅಂಗಳದಲ್ಲಿ ಹಾಕಿದ ಲೆಕ್ಕ ಸರಿಯಾಗಿತ್ತು ಎಂದು ಬೀಗುವಷ್ಟರಲ್ಲಿ ಕೋಲು ಬಿಲ್ಲಿನಂತೆ ಬಾಗಿತು. ರೀಲು ಕಿರುಗುಟ್ಟುತ್ತ ದಾರ ಸರಸರನೆ ಹೊರಗೋಡಿತು. ಇವರ ಕುತ್ತಿಗೆಯ ನರ ಉಬ್ಬಿತು. ಒಂದು ಕೈ ಸಾಲುತ್ತಿರಲಿಲ್ಲ. ಕೋಲು ನೀರಿನತ್ತ ಜಗ್ಗುತ್ತಿತ್ತು. ಭಾವ ಬೀಡಿ ಎಸೆದು ಧಾವಿಸಿದರು.

"ನೀ ಬೇಡ ಅಣ್ಣ, ಇವಳಿದ್ದಾಳೆ" ಎಂದು ಇವರು ಕೂಗಿದರು. "ಶಾರದಾ, ಹಿಡಿ!"

ಬಿದ್ದ ದಿನದಿಂದ ಅಂಗಿಯ ಗುಂಡಿಗೂ ನನ್ನ ಕೈ ಬೇಡವೆಂದವರು ಇವರು. ನಾನು ಇವರ ಎಡಗೈಯ ಮೇಲೆ ಎರಡೂ ಕೈಯಿಟ್ಟು ಕೋಲು ಹಿಡಿದೆ. ಒಟ್ಟಿಗೆ ಎತ್ತಿದೆವು, ಇವರು ಸುತ್ತಿದರು. ಮತ್ತೆ ಎತ್ತಿದೆವು. ಬೆವರು, ಉಪ್ಪುನೀರು, ನನ್ನ ಬಿಚ್ಚಿದ ಸೆರಗು, ಇವರ ಬಯ್ಗುಳ ಎಲ್ಲ ಒಂದಾದವು. ಕಡೆಗೆ ಭಾವನ ಬಲೆಬುಟ್ಟಿಗೆ ಬಂದದ್ದು ಒಂದು ಇಸವಾಣ ಮೀನು. ಅಷ್ಟು ಜಗ್ಗಾಡಿದ್ದಕ್ಕೆ ತಿಮಿಂಗಿಲವೇ ಇರಬೇಕೆಂದುಕೊಂಡಿದ್ದೆ. ಉದ್ದ ನನ್ನ ಮೊಳಕ್ಕಿಂತ ಚೂರು ಹೆಚ್ಚು. ಇವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಎಡಗೈಯಿಂದ ಮುಖ ಒರೆಸಿಕೊಂಡರು. ಒರೆಸಿಕೊಂಡದ್ದು ಬೆವರನ್ನೇ ಎಂದು ನಾನು ಹೇಳಲಾರೆ.

ಭುಜ ಆಮೇಲೂ ಸರಿಯಾಗಲಿಲ್ಲ. ಈಗಲೂ ಕೈ ಎದೆಯ ಮಟ್ಟಕ್ಕೇ ನಿಲ್ಲುತ್ತದೆ. ಆದರೆ ಹಿಂತಿರುಗುವಾಗ ಬಸ್ಸು ಸಾಗರ ದಾಟುವ ಮೊದಲೇ ಇವರು ಶುರುಮಾಡಿದರು. ಗಾಳ ಚಿಕ್ಕದಾಯಿತು, ಸೀಸಕ್ಕೆ ತವರ ಬೆರೆಸಿದ್ದಾರೆ, ಕಟ್ಟಿದ ಗಂಟು ನೋಡಿದರೆ ರವಿಕೆಯ ಲಾಡಿ, ಜರಿ ಹಚ್ಚುವ ಬುದ್ಧಿ ಯಾರು ಕೊಟ್ಟರು ನಿನಗೆ? ನಾನೂ ಬಿಡಲಿಲ್ಲ. ಮೀನು ಬಂದದ್ದು ನಾನು ಹೊಯ್ಯಿಸಿದ ಜಿಗ್ಗಿಗೆ ಎಂದೆ. ಶಿವಮೊಗ್ಗದಲ್ಲಿ ಬಸ್ಸು ಬದಲಿಸಿದೆವು, ವಾದ ಬದಲಾಗಲಿಲ್ಲ. ಮಲೆಬೆನ್ನೂರಿನಲ್ಲಿ ಹತ್ತಿ ನಮ್ಮ ಮುಂದೆ ಕೂತ ಅಜ್ಜಿಯೊಬ್ಬರು ಸ್ವಲ್ಪ ಹೊತ್ತು ಕೇಳಿಸಿಕೊಂಡು ಹಿಂದಕ್ಕೆ ತಿರುಗಿದರು.

"ಏನವ್ವ, ಗಂಡ ಇಷ್ಟು ಬೈತಾನ, ನೀ ನೋಡಿದ್ರ ನಗ್ತೀಯಲ್ಲ?"

"ಬೈಲಿ ಬಿಡಬೇ, ಭಾಳ ದಿನ ಆಗಿತ್ತು" ಎಂದೆ.

ಹರಿಹರದವರೆಗೂ ಬಯ್ಗುಳ ನಿಲ್ಲಲಿಲ್ಲ. ಹೊಳೆಯ ಸೇತುವೆ ಕಂಡಾಗ, ಊರು ಇನ್ನೂ ಸ್ವಲ್ಪ ದೂರ ಇರಬಾರದಿತ್ತೇ ಅನ್ನಿಸಿತು.