ಬಿಸಿ ಉಸುಕಿನ ಗಂಟು

ಎಪ್ಪತ್ತರ ದಶಕದ ಇಳಕಲ್ಲಿನಲ್ಲಿ ನಮ್ಮ ಪಕ್ಕದ ಮನೆಯಾಕೆ ಸೀರೆ ನೇಯುತ್ತಿದ್ದಳು. ಹರಿದ ರೇಷ್ಮೆ ಎಳೆಯನ್ನು ನೋಡದೆ ಬೆರಳಿನಿಂದಲೇ ಹುಡುಕುವಳು. ದಿನವಿಡೀ ಮಗ್ಗ ತುಳಿದು ಆಕೆಯ ಬಲ ಮೊಣಕಾಲ ಚಿಪ್ಪು ನೋಯುತ್ತಿತ್ತು. ಸಂಜೆ ನಾನು ಬಿಸಿ ಉಸುಕಿನ ಗಂಟಿನಿಂದ ಶಾಖ ಕೊಡುತ್ತಿದ್ದೆ.

“ಇನ್ನೂ ಬಿಸಿ ಬೇಕವ್ವಾ” ಎಂಬುದೊಂದೇ ಆಕೆಯ ಮಾತು.

ಒಂದು ಸಂಜೆ ಹಾಗೇ ಕೊಡುತ್ತ ಹೋದೆ. ಗಂಟು ತೆಗೆದರೆ ಚಿಪ್ಪಿನ ಸುತ್ತ ಗುಳ್ಳೆಗಳು ಎದ್ದಿದ್ದವು.

“ಸುಡಾಕತ್ತಿದ್ರ ಹೇಳಬಾರ್ದೇನ್ರಿ ಅಕ್ಕಾರ?”

“ಗೊತ್ತಾಗಿದ್ರ ಹೇಳ್ತಿದ್ದಿಲ್ಲೇನು?”

ಬೇರೆ ಯಾರದೋ ಕಾಲೆಂಬಂತೆ ಆಕೆ ಗುಳ್ಳೆಗಳನ್ನು ಮುಟ್ಟಿ ಮುಟ್ಟಿ ನೋಡಿದಳು.

ಗುಳ್ಳೆ ಮಾಯ್ದ ಮೇಲೆ ಗಂಟನ್ನು ನನ್ನ ಕೈಯಿಂದ ಇಸಿದುಕೊಂಡು ಮೊದಲು ಎಡ ಮೊಣಕಾಲಿಗೆ ಹಿಡಿದು ಬಿಸಿ ನೋಡುತ್ತಿದ್ದಳು.

“ಈ ಕಾಲು ಖರೆ ಹೇಳ್ತೈತಿ. ಆ ಕಾಲು ಬರೇ ಅಳತೈತಿ.”