ಕಾಲು ಮುರಿದೈತಿ ಅಂದ ಕುರ್ಚಿ

ನಾನು ಅಧ್ಯಕ್ಷೆ ಆದ ದಿನದಿಂದ ನಮ್ಮ ಪಂಚಾಯ್ತಿಯೊಳಗ ಸಮಾನತೆ ಭಾಳ ಜೋರಾಗಿ ಬಂದುಬಿಡ್ತು. ಅಲ್ಲಿತನಕ ಅಧ್ಯಕ್ಷರಿಗಂತ ಒಂದು ತೇಗದ ಕುರ್ಚಿ ಇತ್ತು, ಬೆನ್ನಿಗೆ ಬಿಳೀ ಟವೆಲ್ ಹೊದಿಸಿದ್ದು. ನನ್ನ ಮೊದಲನೇ ಸಭೆಗೆ ಹೋಗಿ ನೋಡಿದ್ರ ಕುರ್ಚಿನೇ ಇಲ್ಲ, ನೆಲದ ತುಂಬ ಜಮಖಾನ. ಸದಸ್ಯರೆಲ್ಲ ಅದರ ಮ್ಯಾಲ ಅಗಲವಾಗಿ ಕುಂತು ಚಾ ಕುಡೀತಿದ್ರು. ನನಗ ಉಳಿದಿದ್ದು ಬಾಗಿಲ ಹತ್ರ, ಚಪ್ಪಲಿ ಬಿಡೋ ಜಾಗ.

"ಕುರ್ಚಿ ಎಲ್ಲೈತ್ರೀ?" ಅಂತ ಕೇಳಿದೆ.

"ಕಾಲು ಮುರಿದೈತವ್ವಾ. ಸ್ಟೋರ್ ರೂಮಿಗೆ ಹಾಕೀವಿ. ಇನ್ಮ್ಯಾಲ ಎಲ್ಲಾರೂ ಒಂದೇ, ಕೆಳಗ ಕುಂದ್ರೂಣು," ಅಂದ್ರು ಗೌಡ್ರು. ನನಗಿಂತ ಮೊದಲು ಅಧ್ಯಕ್ಷರಾಗಿದ್ದವರು ಅವರೇ.

ಸಂಡೂರು ಕಡೆಯ ಹಳ್ಳಿ ನಮ್ಮದು. ನಾನು ಕೇರಿಯಾಕಿ. ಕೇರಿ ಮಂದಿ ಗೌಡ್ರ ಮುಂದ ಕುರ್ಚಿ ಮ್ಯಾಲ ಕುಂದ್ರಬಾರದು ಅಂತ ಯಾರೂ ಎದುರಿಗೆ ಹೇಳಂಗಿಲ್ಲ, ಎಲ್ಲಾರಿಗೂ ಗೊತ್ತಿರತೈತಿ. ಈ ಸಲ ಅಧ್ಯಕ್ಷಗಿರಿ ನಮ್ಮ ಜಾತಿ ಹೆಣ್ಣುಮಗಳಿಗೆ ಅಂತ ಮೀಸಲಾತಿ ಬಂತು. ಹೇಳಿದಲ್ಲಿ ಸಹಿ ಹಾಕ್ಕೊಂಡು ತೆಪ್ಪಗಿರ್ತಾಳ ಅಂತ ನನ್ನ ಆರಿಸಿದ್ರು. ಅಯ್ಯೋ ಪಾಪ! ಕುರೆಕುಪ್ಪದಾಗ ಮನಿ ಮಾಡ್ಕೊಂಡು ಆರು ವರ್ಷ ಫ್ಯಾಕ್ಟರಿ ಕ್ಯಾಂಟೀನಿನಾಗ ಅನ್ನ ನೀಡಿದಾಕಿ ನಾನು. ಶಿಫ್ಟ್ ಬಿಟ್ಟಾಗ ನುಗ್ಗೋ ಮಂದಿನ್ನ ಸಾಲು ನಿಲ್ಲಿಸಿದ ಬಾಯಿ ಇದು.

ಆವತ್ತಿನ ಸಭೆಯೊಳಗ ನನಗ ಬೇಕಾಗಿದ್ದು ಒಂದೇ, ಕೇರಿಗೆ ನೀರಿನ ಪೈಪ್‌ಲೈನ್. ಮೇಲಿನ ಓಣಿಯಾಗ ಮನಿಮನಿಗೆ ನಳ. ನಮ್ಮ ಹೆಂಗಸ್ರು ಮಾತ್ರ ಗಣಿ ಲಾರಿ ಓಡಾಡೋ ರೋಡ್ ದಾಟಿ, ಕೆಂಪು ಧೂಳು ಮೈಯೆಲ್ಲ ಬಳ್ಕೊಂಡು, ಬೋರಿನ ತನಕ ಕೊಡ ಹೊರಬೇಕು. ಠರಾವು ಪಾಸಾಗಬೇಕಂದ್ರ ಸದಸ್ಯರು ಅರ್ಧದಷ್ಟಾದ್ರೂ ಕುಂತಿರಬೇಕು. ನನ್ನೂ ಸೇರಿಸಿ ಹದಿಮೂರು ಮಂದಿಯೊಳಗ ನನ್ನ ಕಡೆ ಇದ್ದವರು ಮೂರೇ ಮಂದಿ.

ಚಪ್ಪಲಿ ಹತ್ರ ಕುಂದ್ರಾಕ ಮನಸ್ಸು ಒಪ್ಪಲಿಲ್ಲ. ಸೀದಾ ಸ್ಟೋರ್ ರೂಮಿಗೆ ಹೋದೆ. ಕುರ್ಚಿ ಗಟ್ಟಿಮುಟ್ಟಾಗಿತ್ತು, ನಾಲ್ಕೂ ಕಾಲು ಇದ್ವು. ದರದರ ಎಳ್ಕೊಂಡು ಬಂದು, ಸೆರಗಿನಿಂದ ಧೂಳು ಒರೆಸಿ, ಕುಂತೇಬಿಟ್ಟೆ.

ಗೌಡ್ರು ಎದ್ದು ಪಂಚೆ ಝಾಡಿಸಿ ಬಾಗಿಲಿಗೆ ನಡೆದ್ರು. ಅವರ ಹಿಂದ ಎಂಟು ಮಂದಿ. ಸಭೆ ಮುರಿದ್ರ ಪೈಪ್‌ಲೈನೂ ಹೋತು.

ಆದ್ರ ನಮ್ಮ ಪಂಚಾಯ್ತಿಗೆ ಹಳೇದೊಂದು ಚಾಳಿ ಇತ್ತು. ಪೂರ್ತಿ ಸಭೆ ಕುಂದ್ರೋ ತಾಳ್ಮಿ ಯಾರಿಗೂ ಇಲ್ಲ, ಅದಕ್ಕ ಚಾ ಬಂದಾಗಲೇ ಕಾರ್ಯದರ್ಶಿ ಹಾಜರಿ ಪುಸ್ತಕ ಸುತ್ತಿಸಿ ಎಲ್ಲಾರ ಸಹಿ ಹಾಕಿಸಿಬಿಡೋದು. ಆವತ್ತೂ ಎದ್ದು ಹೊಂಟ ಒಂಬತ್ತೂ ಮಂದಿಯ ಸಹಿ ಬಿದ್ದಾಗಿತ್ತು.

"ನಿಲ್ರಿ ಗೌಡ್ರೇ," ಅಂದೆ. "ಹಾಜರಿದ್ದೀವಿ ಅಂತ ಸಹಿ ಮಾಡೀರಿ, ಈಗ ಎದ್ದು ಹೊಂಟೀರಿ. ಯಾಕ ಹೊಂಟ್ರಿ ಅಂತ ನಡಾವಳಿಯೊಳಗ ಬರೀಬೇಕಾಗತೈತಿ. ಒಬ್ಬೊಬ್ಬರಾಗಿ ಕಾರಣ ಹೇಳ್ರಿ, ಕೆಳಗ ಸಹಿ ಮಾಡ್ರಿ. ಕಾರ್ಯದರ್ಶಿಗಳೇ, ಪೆನ್ನು ತಗೀರಿ."

ಹೊಂಟವರೆಲ್ಲ ಬಾಗಿಲದಾಗ ನಿಂತ್ರು. ಕೇರಿಯಾಕಿ ಕುರ್ಚಿ ಮ್ಯಾಲ ಕುಂದ್ರಬಾರದು ಅನ್ನೋದು ಕಟ್ಟಿ ಮ್ಯಾಲ, ಹೋಟ್ಲಾಗ ದಿನಾ ಆಡೋ ಮಾತೇ. ಹಾಳಿ ಮ್ಯಾಲ ಬರೆದು ಸಹಿ ಹಾಕ್ರಿ ಅಂದ್ರ ಮಾತ್ರ ಕಣ್ಣ ಮುಂದ ಜಾತಿ ನಿಂದನೆ ಕೇಸು, ಪೊಲೀಸ್ ಸ್ಟೇಷನ್ ಕಾಣ್ತೈತಿ. ಒಬ್ಬಾತ ತಲಿ ಕೆರಕೊಂತ ವಾಪಸ್ ಬಂದು ಕುಂತ. ಅವನ ಹಿಂದ ಇನ್ನಿಬ್ಬರು. ನೋಡ್ತಾ ನೋಡ್ತಾ ಎಂಟೂ ಮಂದಿ ಬಂದ್ರು.

ಗೌಡ್ರು ಹೊಸ್ತಿಲದಾಗ ಒಬ್ಬರೇ ಉಳಿದ್ರು.

"ಹೇಳ್ರಿ, ಬರ್ಕೋತಾರ," ಅಂದೆ.

"ಏನಿಲ್ಲವ್ವಾ... ನೀರು ಕುಡಿಯಾಕ ಹೊಂಟಿದ್ದೆ."

"ಬರೀರಿ ಸಾರ್. ಗೌಡ್ರು ನೀರಿಗಂತ ಎದ್ದು ಹೋದ್ರು." ಕಾರ್ಯದರ್ಶಿ ಬರೆದು ಮುಗಿಸೋತನಕ ಕಾದೆ. ಆಮ್ಯಾಲ ಗೌಡ್ರ ಮುಖಾನ್ನೇ ನೋಡಿ ಅಂದೆ, "ಹೋಗಿ ಬರ್ರಿ, ಕಾಯ್ತೀವಿ. ನಮ್ಮವ್ವನೂ ನೀರಿಗಂತ ಹೋಗಿದ್ಲು, ಆ ಲಾರಿ ರೋಡಿನಾಗ. ಅಕಿನ್ನ ನಾಲ್ಕು ಮಂದಿ ಹೊತ್ಕೊಂಡು ಬಂದ್ರು."