ಹಿಮಬಂಡಿಯ ಕಿಡಿ ಮತ್ತು ಮಲ್ಪೆಯ ರತ್ನಾಕರ

ಜನವರಿಯ ಒಂದು ಬೆಳಿಗ್ಗೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೇರಿಲ್ಯಾಂಡಿನ ಕ್ಲಾರ್ಕ್ಸ್‌ಬರ್ಗ್‌ನಲ್ಲಿ ಹೊಸ ಮನೆಗಳ ಸಾಲು ಮುಗಿದು ಹೊಲಗಳು ಶುರುವಾಗುವ ಕಡೆ ಒಂದು ತಗಡಿನ ಶೆಡ್ಡಿದೆ. ಅದರೊಳಗೆ ಐವತ್ತರ ಆಸುಪಾಸಿನ ಗಂಡಸೊಬ್ಬರು ಹಳೆಯ ಸ್ನೋಮೊಬೈಲಿನ ಮುಂದೆ ಬಗ್ಗಿ ನಿಂತಿದ್ದಾರೆ. ಮುಂದೆ ಎರಡು ಹಲಗೆ, ಹಿಂದೆ ರಬ್ಬರಿನ ಪಟ್ಟಿ ಇರುವ, ಹಿಮದ ಮೇಲೆ ಓಡುವ ಬಂಡಿ ಅದು. ಅವರು ಎಡಗೈಯಲ್ಲಿ ಹಗ್ಗ ಹಿಡಿದು ಎಳೆಯುತ್ತಾರೆ. ಎಂಜಿನ್ ಹತ್ತಿಕೊಳ್ಳುವ ಬದಲು ಹಗ್ಗವನ್ನೇ ರಪ್ಪನೆ ವಾಪಸ್ ಎಳೆದುಕೊಳ್ಳುತ್ತದೆ. ಬಲಗೈ ಮಣಿಕಟ್ಟು ಹಿಂದಿನ ದಿನವೇ ಇಂಥದ್ದೇ ಹೊಡೆತಕ್ಕೆ ಊದಿಕೊಂಡಿದೆ.

"ಕತ್ತೆ ಒದ್ದ ಹಾಗೆ ಒದೀತದೆ ಮಾರಾಯ್ರೆ," ಎನ್ನುತ್ತಾರೆ ರತ್ನಾಕರ, ಕೈ ಕೊಡವುತ್ತ. "ಎಂಜಿನ್ ಸುಮ್ಮನೆ ಒದೆಯುದಿಲ್ಲ. ಅದಕ್ಕೆ ಎಂತದ್ದೋ ಹೇಳ್ಲಿಕ್ಕೆ ಉಂಟು."

ಕ್ಲಾರ್ಕ್ಸ್‌ಬರ್ಗ್‌ನ ಕನ್ನಡಿಗರ ಮನೆಗಳಲ್ಲಿ ರತ್ನಾಕರರನ್ನು ಗೊತ್ತಿರುವವರು ಕಡಿಮೆ. ಬೆಳಗಾಗುವ ಮುಂಚೆ ಲ್ಯಾಪ್‌ಟಾಪ್ ಹೊತ್ತು ಮೆಟ್ರೋ ಹಿಡಿಯುವ ಗುಂಪಿನಲ್ಲಿ ಅವರಿಲ್ಲ. ಯಾರದೋ ಹುಲ್ಲು ಕತ್ತರಿಸುವ ಯಂತ್ರ ನಿಂತುಹೋದಾಗ, ಯಾರದೋ ಅಂಗಳದ ಹಿಮ ತಳ್ಳುವ ಯಂತ್ರ ಹತ್ತದಾಗ ಮಾತ್ರ "ಆ ಶೆಡ್ಡಲ್ಲಿ ನಮ್ಮೋರೇ ಒಬ್ರು ಅಂಕಲ್ ಇದ್ದಾರಂತೆ" ಎಂಬ ಮಾತು ವಾಟ್ಸಾಪಿನಲ್ಲಿ ಓಡಾಡುತ್ತದೆ. ಯಂತ್ರ ಸರಿಯಾದ ಮೇಲೆ ಮಾತೂ ನಿಲ್ಲುತ್ತದೆ.

ಅವರು ಮಲ್ಪೆಯವರು. ಹದಿಹರೆಯದಲ್ಲೇ ಬಂದರಿನ ಹತ್ತಿರ ನಾಡದೋಣಿಗಳ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್ ರಿಪೇರಿಗೆ ಕೈ ಹಾಕಿದವರು. ಉಪ್ಪುನೀರು ತಿಂದ ಬೋಲ್ಟು, ಸೀಮೆಎಣ್ಣೆಯ ಹೊಗೆ, ಮುಂಜಾವಿಗೆ ದೋಣಿ ಇಳಿಯಲೇಬೇಕೆಂಬ ಅವಸರ ಇವೇ ಅವರ ಶಾಲೆ. ಒಮ್ಮೆ, ತಾವು ರಿಪೇರಿ ಮಾಡಿರದ ಎಂಜಿನ್ನಿನ ದೋಣಿಯಲ್ಲಿ ನೆಂಟರ ಜೊತೆ ಹೋದಾಗ ನಡುಗಡಲಲ್ಲಿ ಎಂಜಿನ್ ನಿಂತಿತು. ಗಾಳಿ ಎತ್ತ ತಳ್ಳುತ್ತದೋ ಅತ್ತ ತೇಲುತ್ತ ಕೂತರು. ಬೇರೆ ದೋಣಿ ಕಣ್ಣಿಗೆ ಬೀಳುವ ಹೊತ್ತಿಗೆ ಕುಡಿಯುವ ನೀರು ಮುಗಿದಿತ್ತು. "ದಡದಲ್ಲಿ ಎಂಜಿನ್ ನಿಂತ್ರೆ ಬೈಗುಳ ಬೀಳ್ತದೆ, ಅಷ್ಟೇ. ನೀರಿನ ಮೇಲೆ ನಿಂತ್ರೆ ಬೈಲಿಕ್ಕೂ ಯಾರಿಗೂ ಬಾಯಿ ಬರುದಿಲ್ಲ."

ಅಮೆರಿಕಕ್ಕೆ ಅವರನ್ನು ಕರೆತಂದವರು ಹೆಂಡತಿ ಸರೋಜಿನಿ. ಅವರು ನರ್ಸ್. ಕೊರೊನಾ ಶುರುವಾಗುವ ಕೆಲವೇ ವಾರ ಮೊದಲು ಅವರಿಗೆ ಇಲ್ಲಿಯ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ಸರೋಜಿನಿ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ವಾರ್ಡಿಗೆ ಹೋದರೆ, ರತ್ನಾಕರ ಬಾಡಿಗೆ ಅಪಾರ್ಟ್‌ಮೆಂಟಿನ ಕಿಟಕಿಯಲ್ಲಿ ಕೂತು ಖಾಲಿ ರಸ್ತೆ ನೋಡುತ್ತಿದ್ದರು. ಅಡುಗೆ ಕಲಿತರು. ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿದರು. "ಇವರು ಮನೆಯಲ್ಲಿದ್ದ ಮಿಕ್ಸಿ, ಫ್ಯಾನು ಎಲ್ಲ ಬಿಚ್ಚಿ ಜೋಡಿಸ್ತಿದ್ರು," ಎಂದು ಸರೋಜಿನಿ ನಗುತ್ತಾರೆ. "ಬಿಚ್ಚಲಿಕ್ಕೆ ಇನ್ನೇನೂ ಉಳೀಲಿಲ್ಲ ಅಂತಾದಾಗ ನಾನೇ ಕರ್ಕೊಂಡು ಹೋಗಿ ಆ ಶೆಡ್ಡಿನ ಬಾಗಿಲಲ್ಲಿ ನಿಲ್ಲಿಸಿದೆ."

ಶೆಡ್ಡಿನ ಯಜಮಾನ ಡೇಲ್ ಅಂದೇ ಕೈಗುಣ ಪರೀಕ್ಷಿಸಿದರು. ಉದುರಿದ ಎಲೆ ಊದುವ, ಕೆಟ್ಟು ನಿಂತಿದ್ದ ಯಂತ್ರವೊಂದನ್ನು ಮುಂದಿಟ್ಟರು. ಅದು ಮಧ್ಯಾಹ್ನದೊಳಗೆ ಗರ್ಜಿಸಿತು. ಅಂದಿನಿಂದ ರತ್ನಾಕರ ಅಲ್ಲೇ. ಬೇಸಿಗೆಯಲ್ಲಿ ದಿನಕ್ಕೆ ಎಂಟು ಹತ್ತು ಹುಲ್ಲಿನ ಯಂತ್ರ, ಚಳಿಗಾಲದಲ್ಲಿ ಹಿಮ ತಳ್ಳುವವು. ಸ್ನೋಮೊಬೈಲು ಮಾತ್ರ ಈ ಬಯಲು ಸೀಮೆಗೆ ಬರುವುದು ಅಪರೂಪ. ಬಂದದ್ದು ಇದೊಂದೇ.

ಇದನ್ನು ಟ್ರೈಲರಿನ ಮೇಲೆ ತಂದವರು ರೂತ್. ರಾಜ್ಯದ ಪಶ್ಚಿಮದ ಬೆಟ್ಟಗಳಲ್ಲಿರುವ ಒಂದು ಸಣ್ಣ ಅಗ್ನಿಶಾಮಕ ಠಾಣೆಯ ಸ್ವಯಂಸೇವಕಿ. ಅಲ್ಲಿ ಹಿಮ ಬಿದ್ದು ರಸ್ತೆ ಮುಚ್ಚಿದರೆ ಆಂಬುಲೆನ್ಸ್ ಬರುವುದಿಲ್ಲ. ರೋಗಿಯನ್ನು ಜಾರುಬಂಡಿಯಲ್ಲಿ ಮಲಗಿಸಿ ಈ ಸ್ನೋಮೊಬೈಲಿನ ಹಿಂದೆ ಕಟ್ಟಿ ಮುಖ್ಯರಸ್ತೆಗೆ ಎಳೆದು ತರುತ್ತಾರೆ. ಹಿಂದಿನ ಚಳಿಗಾಲದಲ್ಲಿ ಎದೆನೋವಿನ ಮುದುಕರೊಬ್ಬರನ್ನು ತರುವಾಗ ಅರ್ಧ ದಾರಿಯಲ್ಲಿ ಎಂಜಿನ್ ಬಿಗಿದು ನಿಂತಿತು. ಸೊಂಟದವರೆಗಿನ ಹಿಮದಲ್ಲಿ ನಾಲ್ಕು ಜನ ಕೈಯಿಂದಲೇ ಎಳೆದರು. ಮುದುಕರು ಬದುಕಿದರು. ಆಮೇಲೆ ಠಾಣೆಯವರೇ ಸೇರಿ ಹೊಸ ಪಿಸ್ಟನ್ ಹಾಕಿ ಎಂಜಿನ್ ಕಟ್ಟಿದರು. ಕಟ್ಟಿದ ಎಂಜಿನ್ ಈಗ ಒದೆಯುತ್ತಿದೆ, ವೇಗ ಕೊಟ್ಟರೆ ಪಟಪಟ ಸಿಡಿಯುತ್ತದೆ, ಕೆಂಡದ ಹಾಗೆ ಬಿಸಿಯಾಗುತ್ತದೆ.

ಪಿಸ್ಟನ್ ಮೇಲಕ್ಕೆ ಬಂದು ತುದಿ ಮುಟ್ಟುವುದಕ್ಕೆ ಕೂದಲೆಳೆಯಷ್ಟು ಮುಂಚೆ ಕಿಡಿ ಬೀಳಬೇಕು. ತಡವಾದರೆ ಬಲ ಇಲ್ಲ. ತೀರಾ ಬೇಗ ಬಿದ್ದರೆ ಮೇಲೇರುತ್ತಿರುವ ಪಿಸ್ಟನ್ನನ್ನೇ ಬೆಂಕಿ ತಲೆಯ ಮೇಲೆ ಹೊಡೆದು ಕೆಳಗೆ ತಳ್ಳುತ್ತದೆ. ಅದೇ ಒದೆತ. ಹಾಗೇ ಓಡಿಸಿದರೆ ಪಿಸ್ಟನ್ ಕರಗಿ ತೂತು ಬೀಳುತ್ತದೆ. ಕಿಡಿ ಬೇಗ ಬೀಳುತ್ತಿದೆ ಎಂದು ಮೊದಲ ಒದೆತಕ್ಕೇ ರತ್ನಾಕರರಿಗೆ ಅನಿಸಿತ್ತು. ಯಾಕೆ ಎಂಬುದು ಮಾತ್ರ ತಿಳಿಯಲಿಲ್ಲ. ಕಿಡಿ ಕೊಡುವ ಎಲೆಕ್ಟ್ರಾನಿಕ್ ಡಬ್ಬಿ ಕೆಟ್ಟಿರಬೇಕೆಂದು ಬೇರೊಂದು ತರಿಸಿ ಹಾಕಿದರು. ಇಡೀ ದಿನ ಹೋಯಿತು. ಎಂಜಿನ್ ಮೊದಲಿನಷ್ಟೇ ಒದೆಯಿತು, ಮಣಿಕಟ್ಟು ಊದಿದ್ದು ಆಗಲೇ. "ಆ ದಿನ ನನ್ನದು ದಂಡ," ಎಂದು ಅವರೇ ಒಪ್ಪುತ್ತಾರೆ.

ಮರುದಿನ ಬೆಳಿಗ್ಗೆ ಡೇಲ್ ಟೈಮಿಂಗ್ ಲೈಟ್ ಹಿಡಿದರು. ಕಿಡಿ ಬಿದ್ದಾಗಲೆಲ್ಲ ಮಿಂಚುವ ದೀಪ ಅದು. ಎಂಜಿನ್ನಿನ ಜೊತೆ ತಿರುಗುವ ಭಾರದ ಚಕ್ರ, ಅಂದರೆ ಫ್ಲೈವೀಲಿನ ಮೇಲಿನ ಕಿಡಿಯ ಗೆರೆ ಎಂಜಿನ್ನಿನ ಮೈಮೇಲಿನ ಗುರುತಿಗೆ ಸರಿಯಾಗಿ ಕೂತಿತು. ಕೂದಲಷ್ಟೂ ಆಚೀಚೆ ಇಲ್ಲ.

"ಟೈಮಿಂಗ್ ಸರಿಯಾಗೇ ಇದೆ," ಎಂದರು ಡೇಲ್. "ಕಾರ್ಬ್ಯುರೇಟರ್ ತೊಳೆದು ಕೊಟ್ಟುಬಿಡೋಣ. ಸಂಜೆಗೆ ಹಿಮ ಶುರುವಂತೆ. ರೂತ್ ಈಗಲೇ ಹೊರಡದಿದ್ದರೆ ಬೆಟ್ಟ ಹತ್ತಲಾರಳು."

ರತ್ನಾಕರ ಒಪ್ಪಲಿಲ್ಲ. "ಲೈಟು ಫ್ಲೈವೀಲನ್ನು ಮಾತ್ರ ನೋಡ್ತದೆ. ಪಿಸ್ಟನ್ ಎಲ್ಲಿದೆ ಅಂತ ಅದಕ್ಕೆ ಗೊತ್ತಿಲ್ಲ."

ಇಬ್ಬರ ದನಿಯೂ ಏರಿತು. ಬಂಡಿ ಒಯ್ಯಲು ಬಂದು ಹೊರಗೆ ಟ್ರೈಲರಿನ ಹತ್ತಿರ ನಿಂತಿದ್ದ ರೂತ್ ಒಳಗೆ ಬಂದರು. ನೇರವಾಗಿ ರತ್ನಾಕರರನ್ನೇ ಕೇಳಿದರು: "ನಿಮ್ಮ ಹೆಂಡತಿಯನ್ನು ಈ ಬಂಡಿಯ ಹಿಂದೆ ಮಲಗಿಸಿ ಕಳಿಸ್ತೀರಾ?"

"ಇಲ್ಲ."

"ಹಾಗಾದರೆ ಬಿಚ್ಚಿ."

ರತ್ನಾಕರ ಸ್ಪಾರ್ಕ್ ಪ್ಲಗ್ ತೆಗೆದು ಆ ತೂತಿನೊಳಗೆ ಡಯಲ್ ಗೇಜಿನ ಕಡ್ಡಿ ಇಳಿಸಿದರು. ಪಿಸ್ಟನ್ ಏರುವುದನ್ನು ಮುಳ್ಳು ತೋರಿಸುವ ಸಣ್ಣ ಗಡಿಯಾರ ಅದು. ಕೈಯಿಂದ ಮೆಲ್ಲಗೆ ತಿರುಗಿಸುತ್ತ ಹೋದರು. ಮುಳ್ಳು ಏರಿತು, ನಿಂತಿತು, ಇಳಿಯತೊಡಗಿತು. ನಿಂತ ಜಾಗಕ್ಕೆ ಹಿಂತಿರುಗಿ ತಂದು ಫ್ಲೈವೀಲಿನ ಇನ್ನೊಂದು ಗೆರೆ, ಪಿಸ್ಟನ್ ತುದಿ ಮುಟ್ಟಿದ್ದನ್ನು ತೋರಿಸುವ ಗೆರೆ, ನೋಡಿದರು. ಪಿಸ್ಟನ್ ತುದಿಯಲ್ಲಿದೆ, ಗೆರೆ ಆಗಲೇ ಗುರುತು ದಾಟಿ ಮುಂದೆ ಹೋಗಿದೆ. ಡೇಲ್ ಕನ್ನಡಕ ಏರಿಸಿ ಬಗ್ಗಿ ನೋಡಿ, ಫ್ಲೈವೀಲ್ ಕೀಳುವ ಪುಲ್ಲರ್ ತಂದುಕೊಟ್ಟರು.

ಫ್ಲೈವೀಲ್ ಕಳಚಿದಾಗ ಕಾರಣ ಕಣ್ಣೆದುರೇ ಇತ್ತು. ಅದನ್ನು ಪಿಸ್ಟನ್ ತಿರುಗಿಸುವ ಶಾಫ್ಟಿಗೆ ಹಿಡಿದಿಡುವುದು ಅರ್ಧಚಂದ್ರಾಕಾರದ, ಬೆರಳುಗುರಿನಷ್ಟೇ ದೊಡ್ಡದಾದ, ಕೀ ಎಂಬ ಉಕ್ಕಿನ ತುಣುಕು. ಅದು ಅರ್ಧಕ್ಕೆ ಕತ್ತರಿಸಿಹೋಗಿ ಮೆಟ್ಟಿಲಿನ ಹಾಗಾಗಿತ್ತು. ಆ ಚಳಿಗಾಲ ಎಂಜಿನ್ ಒಮ್ಮೆಲೇ ಬಿಗಿದಾಗ ಶಾಫ್ಟ್ ನಿಂತಿತು, ಭಾರದ ಫ್ಲೈವೀಲ್ ನಿಲ್ಲದೆ ಮುಂದೆ ಜಾರಿತು. ಅದರ ಮೇಲಿದ್ದ, ಕಿಡಿ ಹುಟ್ಟಿಸುವ ಆಯಸ್ಕಾಂತ, ಗೆರೆಗಳು ಎಲ್ಲವೂ ಒಟ್ಟಿಗೇ ಜಾರಿದ್ದರಿಂದ ಲೈಟಿಗೆ ಎಲ್ಲವೂ ಸರಿಯಾಗಿಯೇ ಕಂಡಿತು. ಪಿಸ್ಟನ್ ಬದಲಿಸಿದವರು ಫ್ಲೈವೀಲ್ ಮುಟ್ಟಿರಲಿಲ್ಲ, ಮುಟ್ಟುವ ಕಾರಣವೂ ಅವರಿಗೆ ಕಂಡಿರಲಿಲ್ಲ.

ಇನ್ನೊಂದು ಕೀ ಬೇಕು. ಡೇಲ್ ಡಬ್ಬಿ ತಡಕಿ ಹುಲ್ಲಿನ ಯಂತ್ರದ ಕೀ ಒಂದನ್ನು ತೆಗೆದರು. ಅಳತೆಗೆ ಹತ್ತಿರವೇ. ರತ್ನಾಕರ ಅದನ್ನು ಅಂಗೈಯಲ್ಲಿಟ್ಟು ನೋಡಿ ವಾಪಸ್ ಕೊಟ್ಟರು. ಮೆತ್ತಗಿನ ಲೋಹ, ಕಲ್ಲಿಗೆ ಬ್ಲೇಡು ತಾಗಿದರೆ ತಾನೇ ತುಂಡಾಗಲೆಂದು ಮಾಡಿದ್ದು. "ಇದು ಬೆಟ್ಟಕ್ಕೆ ಬೇಡ," ಎಂದರು. ಡೇಲ್ ಕಾರು ತೆಗೆದು ಫ್ರೆಡರಿಕ್‌ನ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಗೆ ಹೋಗಿ ಉಕ್ಕಿನದನ್ನು ತಂದರು. ಅಷ್ಟರಲ್ಲಿ ರತ್ನಾಕರ ಶಾಫ್ಟಿನ ತುದಿಯನ್ನು ಎಣ್ಣೆಪಸೆ ಇಲ್ಲದಂತೆ ಒರೆಸಿಟ್ಟಿದ್ದರು. ಕೀ ಕೂರಿಸಿ, ನಟ್ಟನ್ನು ಅಳತೆಯ ಬಿಗಿಗೆ ಬಿಗಿದು, ಮತ್ತೆ ಗೇಜ್ ಇಳಿಸಿದರು. ಮುಳ್ಳು ನಿಂತಾಗ ತುದಿಯ ಗೆರೆಯೂ ಗುರುತಿಗೆ ಸರಿಯಾಗಿ ಕೂತಿತು.

ಹಗ್ಗವನ್ನು ರೂತ್ ಎಳೆದರು. ಎಂಜಿನ್ ಒದೆಯದೆ ಹತ್ತಿಕೊಂಡಿತು. ಸ್ಟ್ಯಾಂಡಿನ ಮೇಲೆ ಸಾಕಷ್ಟು ಹೊತ್ತು ಓಡಿಸಿ ಪ್ಲಗ್ ಬಿಚ್ಚಿ ನೋಡಿದರೆ ತಿಳಿ ಕಂದು ಬಣ್ಣ, ಹಾಲು ಬೆರೆತ ಕಾಫಿಯ ಹಾಗೆ. ಬಿಸಿ ಹೆಚ್ಚಾಗಿದ್ದರೆ ಬಿಳಿಚಿಕೊಳ್ಳುತ್ತಿತ್ತು. ಟ್ರೈಲರ್ ಹೆದ್ದಾರಿ ಹತ್ತುವಾಗ ಆಕಾಶ ಬೂದಿ ಬಣ್ಣಕ್ಕೆ ತಿರುಗಿತ್ತು. ಆ ದಿನ ರತ್ನಾಕರ ಊಟ ಮಾಡಿದ್ದು ಡೇಲ್ ಹಂಚಿಕೊಂಡ ಅರ್ಧ ಸ್ಯಾಂಡ್‌ವಿಚ್ ಮಾತ್ರ. "ಕೆಲಸ ಮುಗಿದ ಮೇಲೂ ಹೆದರಿಕೆ ಹೋಗ್ಲಿಲ್ಲ," ಎನ್ನುತ್ತಾರೆ. "ನಾನೇ ತಪ್ಪಿದ್ರೆ? ಹಿಮದಲ್ಲಿ ಅವ್ರು ಪುನಃ ಕೈಯಲ್ಲಿ ಎಳೀಬೇಕಾದ್ರೆ?"

ಎರಡು ದಿನ ಸುದ್ದಿ ಇರಲಿಲ್ಲ. ಮೂರನೆಯ ದಿನ ರೂತ್ ಶೆಡ್ಡಿಗೆ ಫೋನ್ ಮಾಡಿದರು. ಹಿಮ ಬಿದ್ದ ಮರುಬೆಳಿಗ್ಗೆ ಬೆಟ್ಟದ ಮೇಲಿನ ಮನೆಯೊಂದರಲ್ಲಿ ಬಸುರಿಗೆ ದಿನ ತುಂಬುವ ಮುಂಚೆಯೇ ನೋವು ಶುರುವಾಗಿತ್ತು. ಅವಳನ್ನು ಇದೇ ಬಂಡಿ ಮುಖ್ಯರಸ್ತೆಗೆ ತಂದಿತ್ತು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ಡೇಲ್ ಫೋನನ್ನು ರತ್ನಾಕರರ ಕೈಗೆ ಕೊಟ್ಟು ಹೊರಗೆ ಹೋದರು. ಇವರ ಬಾಯಿಂದ ಬಂದದ್ದು "ಓಕೆ, ಓಕೆ, ಥ್ಯಾಂಕ್ಯೂ" ಅಷ್ಟೇ. ಸಂಜೆ ಮನೆಗೆ ಹೋಗಿ ಹೇಳಿದಾಗ ಸರೋಜಿನಿ ಕೇಳಿದ ಮೊದಲ ಪ್ರಶ್ನೆ, ಮಗುವಿನ ತೂಕ ಎಷ್ಟಂತೆ? ಅದನ್ನು ಕೇಳಲು ಇವರಿಗೆ ಹೊಳೆದೇ ಇರಲಿಲ್ಲ. ಸರೋಜಿನಿ ಇವತ್ತಿಗೂ ಆಡಿಕೊಳ್ಳುತ್ತಾರೆ.

ರತ್ನಾಕರ ಆ ಬೆಟ್ಟಗಳನ್ನು ನೋಡಿಲ್ಲ. ಹಿಮದ ಮೇಲೆ ಸ್ನೋಮೊಬೈಲು ಓಡುವುದನ್ನೂ ಕಣ್ಣಾರೆ ಕಂಡಿಲ್ಲ. ಮುಂದಿನ ಚಳಿಗಾಲಕ್ಕೆ ಬನ್ನಿ, ಹಿಂದೆ ಕೂರಿಸಿಕೊಂಡು ಸುತ್ತಿಸುತ್ತೇನೆ ಎಂದು ರೂತ್ ಕರೆದಿದ್ದಾರೆ. ಹೋಗುವ ಆಸೆ ಇದೆಯೇ ಎಂದರೆ, ಹುಲ್ಲಿನ ಯಂತ್ರದ ಬ್ಲೇಡು ಉಜ್ಜುತ್ತಲೇ ಉತ್ತರಿಸುತ್ತಾರೆ.

"ಕೂತ್ಕೊಂಡು ಸುತ್ತುದು ಎಂತಕ್ಕೆ? ಒಮ್ಮೆ ಆ ಬೆಟ್ಟದ ಬುಡದಲ್ಲಿ ನಿಂತ್ಕೊಳ್ಬೇಕು ಅಂತ ಉಂಟು. ಅದು ಭಾರ ಎಳ್ಕೊಂಡು ಮೇಲೆ ಹತ್ತುವಾಗ ಶಬ್ದ ಕೇಳ್ಬೇಕು. ಕೇಳಿದ್ರೆ ಸಾಕು, ವಾಪಸ್ ಬರ್ತೇನೆ."